ಅಡಿಕೆ ತೋಟದಲ್ಲಿ ಜಿಪಿಎಸ್ ಗಾಡಿ: ರಿಸೀವರ್ ಎಷ್ಟು ಸರಿ ಹೇಳುತ್ತದೆ ಎಂದು ನೀವೇ ಅಳೆದು ನೋಡಿ

ನಮ್ಮ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ 2.7 ಮೀಟರ್. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಅಂತರವೂ ಅದೇ, ಒಂಬತ್ತು ಅಡಿ ಎಂದು ಅಜ್ಜ ಹಗ್ಗ ಹಿಡಿದು ನೆಟ್ಟದ್ದೂ ಅದೇ. ನಾನು ತರಿಸಿದ ಜಿಪಿಎಸ್ ಮಾಡ್ಯೂಲಿನ ವಿವರದಲ್ಲಿ ಬರೆದಿದ್ದ ನಿಖರತೆ 2.5 ಮೀಟರ್. ಈ ಎರಡು ಅಂಕೆಗಳನ್ನು ಪಕ್ಕಪಕ್ಕ ಇಟ್ಟು ಎರಡು ನಿಮಿಷ ಯೋಚಿಸಿದ್ದರೆ ನನ್ನ ಗಾಡಿ ಕಣಿಗೆ, ಅಂದರೆ ತೋಟದ ನೀರು ಹರಿಯುವ ಕಾಲುವೆಗೆ, ಬೀಳುತ್ತಿರಲಿಲ್ಲ.

ಗಾಡಿ ಎಂದರೆ ದೊಡ್ಡದೇನಲ್ಲ. ಹಳೆಯ ಕಾರಿನ ಎರಡು ವೈಪರ್ ಮೋಟರು, 12 ವೋಲ್ಟಿನ ಬ್ಯಾಟರಿ, ನಾಲ್ಕು ಚಕ್ರ, ಮೇಲೊಂದು ಪ್ಲಾಸ್ಟಿಕ್ ಕ್ರೇಟು. ಕೊಯ್ಲಿನ ಸಮಯದಲ್ಲಿ ಗೊನೆ ತುಂಬಿಸಿ ಬಿಟ್ಟರೆ ತೋಟದಿಂದ ಅಂಗಳಕ್ಕೆ ತಾನೇ ಹೋಗಬೇಕು, ಖಾಲಿಯಾದ ಮೇಲೆ ತಾನೇ ವಾಪಸ್ ಬರಬೇಕು, ಅಷ್ಟೇ ಆಸೆ. ಮೊದಲ ದಿನ ಅಂಗಳದಲ್ಲಿ ಚೆನ್ನಾಗಿಯೇ ಓಡಿತು. ಎರಡನೇ ದಿನ ತೋಟಕ್ಕೆ ಇಳಿಸಿದೆ. ಮೂರನೇ ಸಾಲಿಗೆ ಹೋಗಬೇಕಾದದ್ದು ನಾಲ್ಕಕ್ಕೆ ತಿರುಗಿತು, ಅಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡುವವರ ಹಾಗೆ ನಿಂತಿತು, ಮತ್ತೆ ಸೀದಾ ಕಣಿಗೆ. ನೋಡುತ್ತಾ ನಿಂತಿದ್ದ ಆಚೆಮನೆ ಭಾವ, "ಇದು ಹಟ್ಟಿ ತಪ್ಪಿದ ದನದ ಹಾಗೆ ಹೋಗ್ತದಲ್ಲ ಮಾರಾಯ" ಎಂದರು.

ಆಮೇಲೆ ಎರಡು ತಿಂಗಳು ಗಾಡಿ ಮುಟ್ಟಲಿಲ್ಲ, ಬರೀ ರಿಸೀವರ್ ಹಿಡಿದುಕೊಂಡು ಕೂತೆ. ಅದರಲ್ಲಿ ಕಲಿತದ್ದು ಇಲ್ಲಿದೆ. ನೀವು ಗಾಡಿ ಮಾಡುತ್ತೀರೋ, ಹೊಳೆಯಲ್ಲಿ ಬಿಡುವ ಪುಟ್ಟ ದೋಣಿ ಮಾಡುತ್ತೀರೋ, ಮೋಟರ್ ಓಡಿಸುವ ಪ್ರೋಗ್ರಾಮ್ ಬರೆಯುವ ಮೊದಲು ಇದನ್ನು ಮಾಡಿ ನೋಡಿ.

2.5 ಮೀಟರ್ ಎಂದರೆ ನಿಜಕ್ಕೂ ಏನು

ನಾನು ಬಳಸಿದ್ದು ಎಲ್ಲರೂ ಬಳಸುವ ನಿಯೋ-6ಎಂ. ಅದರ ವಿವರದಲ್ಲಿ 2.5 ಮೀಟರ್ ಪಕ್ಕದಲ್ಲಿ ಸಣ್ಣದಾಗಿ ಸಿಇಪಿ ಎಂದಿದೆ. ನಿಜವಾದ ಜಾಗವನ್ನು ನಡುವೆ ಇಟ್ಟು 2.5 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ರಿಸೀವರ್ ತೋರಿಸುವ ಚುಕ್ಕೆಗಳಲ್ಲಿ ಅರ್ಧ ಅದರೊಳಗೆ ಬೀಳುತ್ತವೆ, ಇದು ಅದರ ಅರ್ಥ. ಅರ್ಧ ಮಾತ್ರ! ನೂರರಲ್ಲಿ 95 ಚುಕ್ಕೆ ಒಳಗೆ ಬರಬೇಕಾದರೆ ವೃತ್ತವನ್ನು ಎರಡು ಪಟ್ಟಿಗಿಂತ ತುಸು ಜಾಸ್ತಿ ಮಾಡಬೇಕು, ಅಂದರೆ 5 ಮೀಟರ್ ದಾಟುತ್ತದೆ. ಉಳಿದ ಐದು ಚುಕ್ಕೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟೂ ಬಟ್ಟಬಯಲಿನ ಲೆಕ್ಕ. ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ, ಗಾಡಿಗೆ ತಾನು ಯಾವ ಸಾಲಿನಲ್ಲಿ ಇದ್ದೇನೆ ಎಂಬುದೇ ಗೊತ್ತಿಲ್ಲ.

ಫೋನಿನ ಮ್ಯಾಪಿನಲ್ಲಿ ಕಾಣುವ ನೀಲಿ ವೃತ್ತದ ಲೆಕ್ಕ ಇನ್ನೊಂದು. ಆಂಡ್ರಾಯ್ಡ್ ಕೊಡುವುದು 68 ಶೇಕಡಾದ ವೃತ್ತ. ಹಾಗಾಗಿ ಫೋನಿನ 4 ಮೀಟರನ್ನು ಮಾಡ್ಯೂಲಿನ 2.5 ಮೀಟರಿಗೆ ಹೋಲಿಸಿ "ಫೋನಿಗಿಂತ ಇದೇ ಒಳ್ಳೆಯದು" ಎಂದುಕೊಳ್ಳಬೇಡಿ. ಸೇರಿನಲ್ಲಿ ಅಳೆದದ್ದನ್ನೂ ಕಿಲೋದಲ್ಲಿ ತೂಗಿದ್ದನ್ನೂ ಹೋಲಿಸಿದ ಹಾಗೆ ಅದು.

ಹಾಗಂತ ಬೈಯುವುದೂ ಬೇಡ. 2000ದ ಮೇ ತಿಂಗಳವರೆಗೆ ಅಮೆರಿಕದವರು ಬೇಕೆಂದೇ ಸಂಕೇತ ಕೆಡಿಸಿ ಬಿಡುತ್ತಿದ್ದರು. ಆಗ ನಮ್ಮ ನಿಮ್ಮಂಥವರ ರಿಸೀವರಿಗೆ ನೂರು ಮೀಟರಿನವರೆಗೂ ಆಚೀಚೆ ಆಗುವುದು ಮಾಮೂಲು.

ತಪ್ಪು ಎಲ್ಲಿಂದ ಬರುತ್ತದೆ

ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಸಂಕೇತ ಹೊರಟ ಹೊತ್ತು ಮತ್ತು ತಲುಪಿದ ಹೊತ್ತು, ಇವೆರಡರ ವ್ಯತ್ಯಾಸದಿಂದ ರಿಸೀವರ್ ದೂರ ಲೆಕ್ಕ ಹಾಕುತ್ತದೆ. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು 30 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ಹತ್ತು ನ್ಯಾನೋಸೆಕೆಂಡು ತಪ್ಪಿದರೆ ಮೂರು ಮೀಟರ್ ಹೋಯಿತು. ಅಗ್ಗದ ರಿಸೀವರ್ ಇಷ್ಟು ಚೆನ್ನಾಗಿ ಹೇಳುವುದೇ ದೊಡ್ಡದು ಎಂದು ನನಗೆ ಈಗಲೂ ಅನಿಸುತ್ತದೆ.

ದಾರಿಯಲ್ಲಿ ಸಂಕೇತಕ್ಕೆ ಮೊದಲ ಅಡ್ಡಿ ಅಯನೋಸ್ಫಿಯರ್, ಅಂದರೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ. ಇದು ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿಯೇ ಕಾಡುತ್ತದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ, ಕಾಸರಗೋಡು ಅದರಿಂದ ಬಹಳ ದೂರವಿಲ್ಲ. ಈ ಪಟ್ಟಿಯಲ್ಲಿ ಹೊತ್ತು ಮುಳುಗಿದ ಮೇಲೆ ಕೆಲವು ಗಂಟೆ ಅಯನೋಸ್ಫಿಯರ್ ಕದಡಿಹೋಗುತ್ತದೆ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ, ಅದರಲ್ಲೂ ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಇದು ಜೋರು. ರಿಸೀವರಿನೊಳಗೆ ಇದಕ್ಕೊಂದು ಸರಳ ಲೆಕ್ಕಾಚಾರ ಇದೆ, ಆದರೆ ಅದು ತೆಗೆಯುವುದು ತಪ್ಪಿನ ಅರ್ಧದಷ್ಟನ್ನು ಮಾತ್ರ. ಸಂಜೆ ಕೆಲಸ ಮುಗಿಸಿ ಬಂದು ಏಳು ಗಂಟೆಗೆ ಗಾಡಿ ಪರೀಕ್ಷೆ ಮಾಡುವ ನನ್ನಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು. ಸಂಜೆ ಸಿಕ್ಕಿದ ಫಲಿತಾಂಶವೇ ಬೆಳಿಗ್ಗೆ ಸಿಗಬೇಕೆಂದಿಲ್ಲ.

ಎರಡನೆಯದು ಪ್ರತಿಫಲನ. ಸಂಕೇತ ನೇರವಾಗಿ ಬರುವ ಬದಲು ಎಲ್ಲಿಗೋ ಬಡಿದು ಬರುತ್ತದೆ, ದಾರಿ ಉದ್ದವಾಗುತ್ತದೆ, ದೂರದ ಲೆಕ್ಕ ಕೆಡುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಕಾರಣ ಹಟ್ಟಿಯ ತಗಡಿನ ಮಾಡು. ಅದರ ಮೂರು ಮೀಟರ್ ಹತ್ತಿರ ರಿಸೀವರ್ ಇಟ್ಟರೆ ಚುಕ್ಕೆ ಹಟ್ಟಿಯ ಆಚೆ ಬದಿಗೆ ಹೋಗಿ ಆರಾಮಾಗಿ ಕೂರುತ್ತಿತ್ತು. ಮುರಕಲ್ಲಿನ ಕೋರೆಯೊಳಗೂ ಹೀಗೆಯೇ. ನಾಲ್ಕೂ ಕಡೆ ಗೋಡೆ, ಮೇಲೆ ತುಂಡು ಆಕಾಶ.

ಮೂರನೆಯದು ಎಲೆ. ಮಳೆಯಿಂದ ಜಿಪಿಎಸ್ ಕೆಡುತ್ತದೆ ಎನ್ನುವವರು ತುಂಬಾ ಇದ್ದಾರೆ. ಬೀಳುವ ಮಳೆಗೂ ಮೋಡಕ್ಕೂ ಈ ತರಂಗಗಳು ಹೆಚ್ಚೇನೂ ಕ್ಯಾರೇ ಅನ್ನುವುದಿಲ್ಲ. ಕೆಡಿಸುವುದು ಒದ್ದೆ ಸೋಗೆ. ಉಪಗ್ರಹದಿಂದ ಬರುವ ಸಂಕೇತ ಮೊದಲೇ ತೀರಾ ಬಡಕಲು. ನೀರು ಹಿಡಿದ ಸೋಗೆಗಳ ಎರಡು ಪದರ ದಾಟುವಾಗ ಅದರಲ್ಲಿ ಉಳಿಯುವುದೇ ಕಷ್ಟ. ಜುಲೈಯಲ್ಲಿ ಮಳೆ ನಿಂತ ಮೇಲೂ ಒಂದೆರಡು ಗಂಟೆ ತೋಟದೊಳಗೆ ಲೆಕ್ಕ ತಪ್ಪುತ್ತಲೇ ಇರುತ್ತದೆ, ಅದೇ ಹೊತ್ತಿಗೆ ಅಂಗಳದಲ್ಲಿ ಎಲ್ಲ ಸರಿ ಇರುತ್ತದೆ.

ಮೊದಲ ಹೆಜ್ಜೆ: ಆಂಟೆನಾ ಎಲ್ಲಿ ಕೂರಬೇಕು

ಮಾಡ್ಯೂಲಿನ ಜೊತೆ ಬರುವ ಚೌಕಾಕಾರದ ಸೆರಾಮಿಕ್ ಬಿಲ್ಲೆಯೇ ಆಂಟೆನಾ. ಅದು ಆಕಾಶಕ್ಕೆ ಮುಖ ಮಾಡಿ, ಮಟ್ಟವಾಗಿ ಕೂರಬೇಕು. ನಾನು ಮೊದಲು ಗಾಡಿಯ ಬದಿಗೆ ಡಬಲ್ ಟೇಪಿನಲ್ಲಿ ಅಂಟಿಸಿದ್ದೆ, ಅಂದರೆ ಅರ್ಧ ಆಕಾಶವನ್ನು ನಾನೇ ಮುಚ್ಚಿದ್ದೆ. ಈಗ ಕ್ರೇಟಿಗಿಂತ ಮೇಲೆ ಒಂದು ಪಿವಿಸಿ ಪೈಪ್, ಅದರ ತುದಿಗೆ ಅಂಗೈ ಅಗಲದ ಅಲ್ಯೂಮಿನಿಯಂ ತಗಡು, ತಗಡಿನ ನಡುವೆ ಆಂಟೆನಾ. ಕೆಳಗಿನಿಂದ, ಒದ್ದೆ ನೆಲದಿಂದ ಬಡಿದು ಬರುವ ಸಂಕೇತವನ್ನು ಆ ತಗಡು ಬಹಳಷ್ಟು ತಡೆಯುತ್ತದೆ. ಹಳೆ ಡಬ್ಬದ ಮುಚ್ಚಳವೂ ಆಗುತ್ತದೆ.

ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರನ್ನು ಆಂಟೆನಾದಿಂದ ದೂರ ಇಡಿ. ಮೋಟರಿನ ವಯರನ್ನೂ ಅಷ್ಟೇ. ಒಂದು ಗೇಣು ದೂರ ಸರಿಸಿದ್ದಕ್ಕೇ ನನ್ನಲ್ಲಿ ಉಪಗ್ರಹಗಳ ಸಂಕೇತ ಬಲ ಎದ್ದುಕಾಣುವಷ್ಟು ಏರಿತು. ನೋಡುವುದು ಹೇಗೆ? ಮಾಡ್ಯೂಲ್ ಕಳಿಸುವ ಸಾಲುಗಳಲ್ಲಿ ಜಿಎಸ್‌ವಿ ಎಂಬುದರಲ್ಲಿ ಪ್ರತಿ ಉಪಗ್ರಹದ ಬಲ ಇರುತ್ತದೆ. ನಾಲ್ಕೈದು ಉಪಗ್ರಹಗಳಾದರೂ 40ರ ಹತ್ತಿರ ಇದ್ದರೆ ಆಂಟೆನಾ ಆರೋಗ್ಯವಾಗಿದೆ. ಎಲ್ಲವೂ 25ರ ಕೆಳಗಿದ್ದರೆ ಪ್ರೋಗ್ರಾಮ್ ತಿದ್ದುತ್ತಾ ಕೂರಬೇಡಿ, ಆಂಟೆನಾ ಜಾಗ ಬದಲಿಸಿ.

ಸ್ವಿಚ್ ಹಾಕಿದ ಕೂಡಲೇ ಓಡಿಸುವುದೂ ಬೇಡ. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆ ಎಂಬ ವಿವರವನ್ನು 30 ಸೆಕೆಂಡಿಗೊಮ್ಮೆ ನಿಧಾನವಾಗಿ ಹೇಳುತ್ತದೆ, ನಡುವೆ ಒಂದು ತುಣುಕು ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು. ಬಯಲಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ಆಮೇಲೆ ತೋಟಕ್ಕೆ ಇಳಿಸಿ. ಮರದಡಿಯಲ್ಲೇ ಆನ್ ಮಾಡಿದರೆ ಒಂದು ಲೋಟ ಚಹಾ ಕುಡಿದು ಬರಬಹುದು.

ಎರಡನೇ ಹೆಜ್ಜೆ: ಬಂದ ಅಂಕೆಯನ್ನು ಸರಿಯಾಗಿ ಓದುವುದು

ತಪ್ಪು ಯಾವಾಗಲೂ ಆಕಾಶದಿಂದ ಬರುವುದಿಲ್ಲ. ನನ್ನ ಮೊದಲ ವಾರದ ತಪ್ಪುಗಳಲ್ಲಿ ಮುಕ್ಕಾಲು ನನ್ನ ಪ್ರೋಗ್ರಾಮಿನಲ್ಲೇ ಇದ್ದವು.

ಮಾಡ್ಯೂಲ್ ಅಕ್ಷಾಂಶವನ್ನು 1230.12345 ಎಂದು ಕಳಿಸುತ್ತದೆ ಎಂದುಕೊಳ್ಳಿ. ಇದು 12.30 ಡಿಗ್ರಿ ಅಲ್ಲ. ಮೊದಲ ಎರಡು ಅಂಕೆ ಡಿಗ್ರಿ, ಉಳಿದದ್ದು ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು, ಆಗ 12.50206 ಬರುತ್ತದೆ, ಅಂದರೆ ಕಾಸರಗೋಡು ಪೇಟೆ. ಭಾಗಿಸದೆ ಸುಮ್ನೆ ಚುಕ್ಕೆಯ ಜಾಗ ಬದಲಿಸಿದರೆ 12.30 ಆಗುತ್ತದೆ, ಅದು ಕಾಞಂಗಾಡಿನ ಅಕ್ಷಾಂಶ, 22 ಕಿಲೋಮೀಟರ್ ದಕ್ಷಿಣಕ್ಕೆ. ರೇಖಾಂಶದಲ್ಲೂ ಅದೇ ತಪ್ಪು ಮಾಡಿದರೆ 40 ಕಿಲೋಮೀಟರಿಗಿಂತ ಜಾಸ್ತಿ ಪಶ್ಚಿಮಕ್ಕೆ ಜಾರುತ್ತದೆ. ಅಂಗಳದಲ್ಲಿ ನಿಂತ ನನ್ನ ಗಾಡಿ ಒಂದಿಡೀ ಸಂಜೆ ಅರಬ್ಬೀ ಸಮುದ್ರದ ನಡುವೆ ಇತ್ತು. ಮೀನುಗಾರರಿಗೂ ಕಂಡಿರಲಿಕ್ಕಿಲ್ಲ.

ಎರಡನೇ ಹೊಂಡ ಇನ್ನೂ ಆಳ, ಯಾಕೆಂದರೆ ಅದು ಕಾಣುವುದೇ ಇಲ್ಲ. ಗಾಡಿ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೋ ಊನೋದಲ್ಲಿ ದಶಮಾಂಶ ಸಂಖ್ಯೆಗೆ, ಅಂದರೆ ಫ್ಲೋಟಿಗೆ, ಸಿಗುವುದು ಏಳು ಅಂಕೆಯಷ್ಟು ಜಾಗ. ಹೆಚ್ಚು ಅಂಕೆ ಹಿಡಿಯಬೇಕಾದ ಡಬಲ್ ಎಂದು ಬರೆದರೂ ಊನೋ ಅದನ್ನು ಫ್ಲೋಟ್ ಎಂದೇ ತಿಳಿಯುತ್ತದೆ. ನಮ್ಮ ರೇಖಾಂಶ 75ರ ಆಸುಪಾಸು. ಅಷ್ಟು ದೊಡ್ಡ ಸಂಖ್ಯೆಯನ್ನು ಫ್ಲೋಟಿನಲ್ಲಿ ಇಟ್ಟರೆ ಅದು ಹಿಡಿಯುವ ಅತಿ ಸಣ್ಣ ಹೆಜ್ಜೆಯೇ ನೆಲದ ಮೇಲೆ ಸುಮಾರು 83 ಸೆಂಟಿಮೀಟರ್! ಅಕ್ಷಾಂಶ 12 ಆದದ್ದರಿಂದ ಅಲ್ಲಿ ಹೆಜ್ಜೆ 10 ಸೆಂಟಿಮೀಟರ್ ಮಾತ್ರ. ಅಂದರೆ ಗಾಡಿ ಉತ್ತರ ದಕ್ಷಿಣಕ್ಕೆ ನಯವಾಗಿ ಹೋಗುತ್ತದೆ, ಪೂರ್ವ ಪಶ್ಚಿಮಕ್ಕೆ ಹೋಗುವಾಗ ಕುಂಟುತ್ತದೆ. ನಾನು ಎಡಗಡೆ ಮೋಟರ್ ಬಿಚ್ಚಿ ಎಣ್ಣೆ ಹಾಕಿದೆ, ಬೇರಿಂಗ್ ಬದಲಿಸಿದೆ. ಮೋಟರಿಗೆ ಏನೂ ಆಗಿರಲಿಲ್ಲ.

ಪರಿಹಾರ ಸುಲಭ. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಪೂರ್ಣಾಂಕವಾಗಿ, 32 ಬಿಟ್ಟಿನ ಲಾಂಗ್‌ನಲ್ಲಿ ಇಟ್ಟುಕೊಳ್ಳಿ. ಗುಣಿಸುವುದನ್ನೂ ಫ್ಲೋಟಿನಲ್ಲಿ ಮಾಡಬೇಡಿ, ಬಂದ ಅಕ್ಷರಗಳಿಂದ ನೇರವಾಗಿ ಪೂರ್ಣಾಂಕ ಕಟ್ಟಿ. ಆಮೇಲೆ ದೊಡ್ಡ ದೊಡ್ಡ ತ್ರಿಕೋನಮಿತಿ ಸೂತ್ರ ಬೇಡ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಕ್ಷಾಂಶ 110.6 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶ 108.7 ಕಿಲೋಮೀಟರ್. ಮೊದಲು ಎರಡು ಪೂರ್ಣಾಂಕಗಳನ್ನು ಕಳೆಯಿರಿ. ಅಕ್ಷಾಂಶದ ವ್ಯತ್ಯಾಸವನ್ನು 0.01106ರಿಂದ ಗುಣಿಸಿದರೆ ಉತ್ತರಕ್ಕೆ ಎಷ್ಟು ಮೀಟರ್, ರೇಖಾಂಶದ ವ್ಯತ್ಯಾಸವನ್ನು 0.01087ರಿಂದ ಗುಣಿಸಿದರೆ ಪೂರ್ವಕ್ಕೆ ಎಷ್ಟು ಮೀಟರ್ ಎಂದು ಸಿಗುತ್ತದೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಯಾರ ತೋಟಕ್ಕಾದರೂ ಇದು ಸಾಕು.

ಇನ್ನೊಂದು, ಪ್ರೋಗ್ರಾಮಿನಲ್ಲಿ ಒಂದು ಸೆಕೆಂಡಿನ ಡಿಲೇ ಹಾಕಿ ಕಾಯಿಸಬೇಡಿ. ಊನೋ ಒಳಗೆ ಬಂದ ಅಕ್ಷರ ಹಿಡಿದಿಡುವ ಬುಟ್ಟಿಗೆ 64 ಅಕ್ಷರ ಮಾತ್ರ ಜಾಗ. ಮಾಡ್ಯೂಲ್ ಪ್ರತಿ ಸೆಕೆಂಡಿಗೆ ನೂರಾರು ಅಕ್ಷರ ಸುರಿಯುತ್ತದೆ, ಉಳಿದದ್ದು ನೆಲಕ್ಕೆ. ಇಎಸ್‌ಪಿ32 ಎಂಬ ಬೋರ್ಡು ತೆಗೆದುಕೊಂಡರೆ ಈ ತಲೆನೋವು ಕಡಿಮೆ, ಫ್ಲೋಟಿನ ತಲೆನೋವಂತೂ ಇಲ್ಲ, ಅಲ್ಲಿ ಡಬಲ್ ಎಂದರೆ ಡಬಲ್ಲೇ. ಹೊಸದಾಗಿ ತೆಗೆದುಕೊಳ್ಳುವವರು ಅದನ್ನೇ ತೆಗೆದುಕೊಳ್ಳಿ.

ಮೂರನೇ ಹೆಜ್ಜೆ: ಒಂದಿಡೀ ದಿನ ಸುಮ್ಮನೆ ಇಟ್ಟು ನೋಡುವುದು

ಎಲ್ಲಕ್ಕಿಂತ ಮುಖ್ಯ ಇದು. ಎಲ್ಲರೂ ಬಿಡುವುದೂ ಇದನ್ನೇ.

ರಿಸೀವರನ್ನು ಅಲ್ಲಾಡದ ಜಾಗದಲ್ಲಿ ಇಡಿ. ನಾನು ಇಟ್ಟದ್ದು ತುಳಸಿಕಟ್ಟೆಯ ಮೇಲೆ, ಅಮ್ಮನ ಒಪ್ಪಿಗೆ ಪಡೆದು, ಬೆಳಗಿನ ಪೂಜೆಗೆ ಅಡ್ಡಿಯಾಗದ ಮೂಲೆಯಲ್ಲಿ. ಪ್ರತಿ ಸೆಕೆಂಡಿನ ಜಾಗವೂ ಎಸ್‌ಡಿ ಕಾರ್ಡಿಗೆ ಬರೆಯಲಿ. 24 ಗಂಟೆ. ಜಿಪಿಎಸ್ ಉಪಗ್ರಹಗಳು ಒಂದು ದಿನಕ್ಕೆ ನಾಲ್ಕು ನಿಮಿಷ ಕಡಿಮೆ ಅವಧಿಯಲ್ಲಿ ಮತ್ತೆ ಅದೇ ಜಾಗಕ್ಕೆ ಬರುತ್ತವೆ, ಹಾಗಾಗಿ ಒಂದು ದಿನ ಅಳೆದರೆ ಎಲ್ಲ ತರದ ಆಕಾಶವನ್ನೂ ನೋಡಿದ ಹಾಗೆ. ಕರೆಂಟು ಹೋಗುವುದು ಗ್ಯಾರಂಟಿ, ಪವರ್ ಬ್ಯಾಂಕಿನಲ್ಲಿ ಓಡಿಸಿ.

ಮರುದಿನ ಫೈಲನ್ನು ಎಕ್ಸೆಲ್ಲಿಗೆ ಹಾಕಿ. ಎಂಬತ್ತಾರು ಸಾವಿರ ಸಾಲು ಇರುತ್ತದೆ, ಹಳೆಯ ಲ್ಯಾಪ್‌ಟಾಪ್ ಸ್ವಲ್ಪ ಮುಕ್ಕುತ್ತದೆ. ಅಕ್ಷಾಂಶ, ರೇಖಾಂಶದ ಸರಾಸರಿ ತೆಗೆಯಿರಿ. ಪ್ರತಿ ಚುಕ್ಕೆಯೂ ಆ ಸರಾಸರಿಯಿಂದ ಎಷ್ಟು ಮೀಟರ್ ದೂರ ಎಂದು ಮೇಲಿನ ಗುಣಾಕಾರದಿಂದ ಲೆಕ್ಕ ಹಾಕಿ, ಆ ದೂರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. ಸರಿ ನಡುವಿನದ್ದು ನಿಮ್ಮ 50 ಶೇಕಡಾದ ಅಂಕೆ. ನೂರಕ್ಕೆ 95ರ ಜಾಗದಲ್ಲಿ ಇರುವುದು ನಿಜವಾಗಿ ನಿಮಗೆ ಬೇಕಾದದ್ದು. ಕಾಗದದ 2.5 ಮೀಟರನ್ನು ಮರೆತುಬಿಡಿ, ಇನ್ನು ಮೇಲೆ ನಿಮ್ಮ ಅಂಕೆ ಇದೇ.

ಇದನ್ನೇ ತೋಟದ ನಡುವೆ ಮತ್ತೊಂದು ದಿನ ಮಾಡಿ. ನಮ್ಮಲ್ಲಿ ಅಂಗಳದ 95ರ ಅಂಕೆ ಆರು ಮೀಟರಿನ ಹತ್ತಿರ ಬಂತು. ತೋಟದೊಳಗೆ ಹದಿನೈದು ದಾಟಿತು. ಅಪ್ಪ ಅದನ್ನು ನೋಡಿ, "ಐದಾರು ಸಾಲು ತಪ್ಪುವವನಿಗೆ ಕೊಯ್ಲಿಗೆ ಕೂಲಿ ಕೊಡ್ತೀಯಾ?" ಎಂದು ಕೇಳಿದರು.

ಚುಕ್ಕೆಗಳನ್ನು ಗ್ರಾಫಿನಲ್ಲಿ ಹಾಕಿ ನೋಡಿದಾಗ ಕಂಡದ್ದು ಇನ್ನೂ ಮುಖ್ಯ. ಅವು ಗುಂಡು ಹಾರಿಸಿದ ಹಾಗೆ ಚದುರಿರಲಿಲ್ಲ. ಹಸು ಮೇಯುವ ಹಾಗೆ ನಿಧಾನವಾಗಿ ಒಂದು ಕಡೆ ಹೋಗಿ, ಅಲ್ಲಿ ಹತ್ತಿಪ್ಪತ್ತು ನಿಮಿಷ ಇದ್ದು, ಮತ್ತೊಂದು ಕಡೆಗೆ ಸಾಗಿದ್ದವು. ಅಂದರೆ ರಿಸೀವರ್ ಐದು ನಿಮಿಷ ಒಂದೇ ಜಾಗ ತೋರಿಸಿದೆ ಎಂದ ಮಾತ್ರಕ್ಕೆ ಆ ಜಾಗ ಸರಿ ಎಂದಲ್ಲ. ನಾಲ್ಕು ಮೀಟರ್ ಆಚೆ ಅದು ಬಹಳ ನೆಮ್ಮದಿಯಿಂದ ನಿಂತಿರಬಹುದು.

"ನೂರು ಸಲ ಓದಿ ಸರಾಸರಿ ತೆಗೆದರೆ ಹತ್ತು ಪಟ್ಟು ನಿಖರ ಆಗ್ತದೆ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಂದೂ ಮುಕ್ಕಾಲು ನಿಮಿಷದಲ್ಲಿ ಓದಿದ ನೂರು ಅಂಕೆಗಳೂ ಒಂದೇ ಕಡೆಗೆ ತಪ್ಪಿರುತ್ತವೆ, ಹಾಗಿರುವಾಗ ಸರಾಸರಿ ತೆಗೆದು ಏನು ಪ್ರಯೋಜನ? ಗಂಟೆಗಟ್ಟಲೆ ಇಟ್ಟರೆ ಮಾತ್ರ ಗುಣ ಕಾಣುತ್ತದೆ. ಅಂಕೆಗಳನ್ನು ನಯಗೊಳಿಸುವ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕವೂ ಈ ಅಲೆದಾಟವನ್ನು ತಾನಾಗಿ ತೆಗೆಯುವುದಿಲ್ಲ, ನಡುಕವನ್ನು ಮಾತ್ರ ತೆಗೆಯುತ್ತದೆ. ಚುಕ್ಕೆ ಚಂದ ಕಾಣುತ್ತದೆ, ತಪ್ಪು ಹಾಗೇ ಇರುತ್ತದೆ.

ನಾಲ್ಕನೇ ಹೆಜ್ಜೆ: ಪುಕ್ಕಟೆ ಸಿಗುವ ಸುಧಾರಣೆಗಳು

ಗಗನ್ ಬಗ್ಗೆ ಕೇಳಿರುತ್ತೀರಿ. ವಿಮಾನಗಳಿಗಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು. ಜಿಪಿಎಸ್‌ನ ತಪ್ಪನ್ನು ದೇಶದ ಬೇರೆ ಬೇರೆ ಕಡೆ ಅಳೆದು, ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ಕೆಳಗೆ ಕಳಿಸುತ್ತದೆ. ಅಯನೋಸ್ಫಿಯರಿನ ತಪ್ಪಿಗೂ ಅದರಲ್ಲಿ ಮದ್ದಿದೆ. ಅಗ್ಗದ ನಿಯೋ-6ಎಂಗೂ ಅದನ್ನು ಕೇಳಲು ಬರುತ್ತದೆ. ಜಿಎಸ್‌ವಿ ಸಾಲಿನಲ್ಲಿ 40 ಅಥವಾ 41 ನಂಬರಿನ ಉಪಗ್ರಹ ಕಂಡರೆ ಅವು ಗಗನ್‌ನವು, ಜೀಸ್ಯಾಟ್-8 ಮತ್ತು ಜೀಸ್ಯಾಟ್-10. ಮಾಡ್ಯೂಲ್ ಕಳಿಸುವ ಇನ್ನೊಂದು ಸಾಲು ಜಿಜಿಎ. ಅದರಲ್ಲಿ ಜಾಗ ಹೇಗೆ ಸಿಕ್ಕಿತು ಎಂದು ಹೇಳುವ ಫಿಕ್ಸಿನ ಅಂಕೆ 1 ಇದ್ದದ್ದು 2 ಆದರೆ ತಿದ್ದುಪಡಿ ಬಳಕೆಯಾಗುತ್ತಿದೆ. ಜೀಸ್ಯಾಟ್-10 ಇರುವುದು 83 ಡಿಗ್ರಿ ಪೂರ್ವದಲ್ಲಿ, ನಮಗೆ ಹೆಚ್ಚುಕಡಿಮೆ ನೆತ್ತಿಯ ಹತ್ತಿರ, ಹಾಗಾಗಿ ಗುಡ್ಡೆ ಅಡ್ಡ ಬರುವುದಿಲ್ಲ. ಸೋಗೆ ಬರುತ್ತದೆ.

ಎಚ್‌ಡಾಪ್ ಎಂಬ ಅಂಕೆಯನ್ನು ಸದಾ ನೋಡುತ್ತಿರಿ. ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿವೆ ಎಂಬುದನ್ನು ಅದು ಹೇಳುತ್ತದೆ. ಎಲ್ಲವೂ ಒಂದೇ ಮೂಲೆಯಲ್ಲಿ ಗುಂಪುಗೂಡಿದರೆ ಅಂಕೆ ಏರುತ್ತದೆ. ಪೂರ್ವಕ್ಕೆ ಕಡಿದಾದ ಗುಡ್ಡೆ ಇದ್ದರೆ ಪೂರ್ವ ಪಶ್ಚಿಮದ ಲೆಕ್ಕ ಹಾಳು. 1ರ ಹತ್ತಿರ ಇದ್ದರೆ ಒಳ್ಳೆಯದು. ನನ್ನ ಗಾಡಿ 2 ದಾಟಿದರೆ ನಿಂತುಬಿಡುತ್ತದೆ. ಆದರೆ ಒಂದು ಮಾತು, ಎಚ್‌ಡಾಪ್‌ಗೆ ತಗಡಿನ ಮಾಡಿನ ಪ್ರತಿಫಲನ ಗೊತ್ತಿಲ್ಲ. ಅದು ಚೆನ್ನಾಗಿದ್ದೂ ಜಾಗ ತಪ್ಪಿರಬಹುದು.

ಮಾಡ್ಯೂಲ್ ಕಂಪನಿಯವರ ಯು-ಸೆಂಟರ್ ಸಾಫ್ಟ್‌ವೇರಿನಲ್ಲಿ ಚಲನೆಯ ಮಾದರಿ ಬದಲಿಸಬಹುದು. ನಿಧಾನ ಗಾಡಿಗೆ ಪಾದಚಾರಿ ಮಾದರಿ ಸಾಕು. ನಿಯೋ-6ಎಂನ ಎಲ್ಲ ಬೋರ್ಡುಗಳಲ್ಲೂ ಈ ಸೆಟ್ಟಿಂಗ್ ಶಾಶ್ವತವಾಗಿ ಉಳಿಯುತ್ತದೆ ಎಂದಿಲ್ಲ, ಬೋರ್ಡಿನ ಪುಟ್ಟ ಬ್ಯಾಟರಿ ಖಾಲಿಯಾದರೆ ಮರೆತುಹೋಗಬಹುದು, ಆದ್ದರಿಂದ ಪ್ರತಿ ಸಲ ಶುರುವಾಗುವಾಗ ಪ್ರೋಗ್ರಾಮೇ ಕಳಿಸುವಂತೆ ಮಾಡಿ. ದುಡ್ಡಿದ್ದರೆ ಒಂದು ಮೆಟ್ಟಿಲು ಮೇಲಿನ ಎಂ8ಎನ್ ತೆಗೆದುಕೊಳ್ಳಿ. ಅದು ಜಿಪಿಎಸ್ ಜೊತೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋಗಳನ್ನೂ ಕೇಳುತ್ತದೆ. ಮರಗಳ ಎಡೆಯಲ್ಲಿ ಕಾಣುವ ಉಪಗ್ರಹ ಜಾಸ್ತಿಯಾದಷ್ಟೂ ಲಾಭ.

ಓಡುವಾಗಿನ ತೊಂದರೆಗಳು

ನಿಂತ ಗಾಡಿಗೆ ದಿಕ್ಕು ಎಂಬುದಿಲ್ಲ. ಜಿಪಿಎಸ್ ಕೊಡುವ ದಿಕ್ಕು ಚಲನೆಯಿಂದ ಬರುವುದು. ನಿಧಾನ ನಡಿಗೆಗಿಂತ ಕಡಿಮೆ ವೇಗದಲ್ಲಿ ಅದು ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ನನ್ನ ಗಾಡಿ ನಾಲ್ಕನೇ ಸಾಲಿನಲ್ಲಿ ನಿಂತು ಯೋಚಿಸಿದ್ದು ಇದೇ ಕಾರಣಕ್ಕೆ. ಒಂದು ದಿಕ್ಸೂಚಿ ಮಾಡ್ಯೂಲ್ ಹಾಕಿ, ಮೋಟರಿನಿಂದ ದೂರ, ಆಂಟೆನಾ ಕಂಬದ ಮೇಲೆಯೇ. ನಮ್ಮಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿಯ ಒಳಗೇ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವೇಗದ ಲೆಕ್ಕ ಮಾತ್ರ ಜಿಪಿಎಸ್‌ನಲ್ಲಿ ಬಹಳ ಒಳ್ಳೆಯದು, ಯಾಕೆಂದರೆ ಅದನ್ನು ಡಾಪ್ಲರ್‌ನಿಂದ, ಅಂದರೆ ಚಲನೆಯಿಂದ ಸಂಕೇತದ ಕಂಪನದಲ್ಲಿ ಆಗುವ ಬದಲಾವಣೆಯಿಂದ ತೆಗೆಯುತ್ತದೆ, ಎರಡು ಚುಕ್ಕೆ ಕಳೆದು ಅಲ್ಲ.

ತಡವಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾಡ್ಯೂಲ್ ಮಾಹಿತಿ ಕಳಿಸುವ 9600 ಬಾಡ್ ವೇಗದಲ್ಲಿ ಐನೂರು ಅಕ್ಷರ ಬಂದು ಮುಗಿಯಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಬೇಡದ ಸಾಲುಗಳನ್ನು ನಿಲ್ಲಿಸಿ, ಆರ್‌ಎಂಸಿ ಮತ್ತು ಜಿಜಿಎ ಎರಡೇ ಸಾಕು. ಆರ್‌ಎಂಸಿ ಸಾಲಿನಲ್ಲಿ A ಅಕ್ಷರ ಇದ್ದರೆ ಮಾತ್ರ ನಂಬಿ, V ಇದ್ದರೆ ಮೋಟರ್ ನಿಲ್ಲಿಸಿ.

ಎತ್ತರದ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ. ಉಪಗ್ರಹಗಳೆಲ್ಲ ಮೇಲೆಯೇ ಇರುವುದರಿಂದ ಎತ್ತರದ ತಪ್ಪು ಅಡ್ಡಲಾಗಿ ಆಗುವ ತಪ್ಪಿಗಿಂತ ಜಾಸ್ತಿ. ಒಂದು ಮಜಾ ನೋಡಬೇಕಾದರೆ ಬೇಕಲ ಕೋಟೆಯ ಕೆಳಗಿನ ಮರಳಿನಲ್ಲಿ ನಿಂತು, ತಿದ್ದುಪಡಿ ಇಲ್ಲದ ಕಚ್ಚಾ ಎತ್ತರ ಓದಿ. ಸಮುದ್ರ ಕಾಲಡಿಯಲ್ಲೇ ಇದ್ದರೂ ಸೊನ್ನೆಗಿಂತ ಸುಮಾರು 90 ಮೀಟರ್ ಕೆಳಗೆ ಎನ್ನುತ್ತದೆ. ರಿಸೀವರ್ ಕೆಟ್ಟಿಲ್ಲ. ಜಿಪಿಎಸ್ ಭೂಮಿಯನ್ನು ಒಂದು ನಯವಾದ ಮೊಟ್ಟೆ ಎಂದುಕೊಂಡು ಅಳೆಯುತ್ತದೆ, ನಿಜವಾದ ಸಮುದ್ರಮಟ್ಟ ಗುರುತ್ವದ ಹೆಚ್ಚುಕಡಿಮೆಯಿಂದ ತಗ್ಗು ಉಬ್ಬಾಗಿರುತ್ತದೆ. ಪ್ರಪಂಚದ ಅತಿ ದೊಡ್ಡ ತಗ್ಗು ಇರುವುದು ಭಾರತದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, 100 ಮೀಟರಿಗೂ ಮೇಲೆ. ನಾವು ಅದರ ಅಂಚಿನ ಇಳಿಜಾರಿನಲ್ಲಿ ಇದ್ದೇವೆ.

ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿ ಗುರುತಿಸಬೇಕೆಂದು ಕೇಳುವವರಿಗೆ ಒಂದು ಮಾತು. ಬಾಯಿಯ ಹತ್ತಿರ ನಿಂತರೆ ಅರ್ಧ ಆಕಾಶ ಗುಡ್ಡೆಯೇ ನುಂಗುತ್ತದೆ. ಹತ್ತು ಹದಿನೈದು ಮೀಟರ್ ಈಚೆ, ಬಯಲಾಗಿರುವ ಕಡೆ ಒಂದು ಗೂಟ ಹೊಡೆದು, ಅಲ್ಲಿ ರಿಸೀವರ್ ಇಟ್ಟು, ಗೂಟದಿಂದ ಬಾಯಿಗೆ ಟೇಪು ಮತ್ತು ದಿಕ್ಸೂಚಿಯಲ್ಲಿ ಅಳೆಯಿರಿ.

ತುಳಸಿಕಟ್ಟೆಯ ಉಪಾಯ

ಅಲೆದಾಟ ನಿಧಾನ ಎಂದೆನಲ್ಲ, ಅದರಲ್ಲೇ ದಾರಿಯೂ ಇದೆ. ಈಗ ಇರುವ ತಪ್ಪು ಐದು ನಿಮಿಷದ ಮೇಲೂ ಹೆಚ್ಚುಕಡಿಮೆ ಅದೇ ಇರುತ್ತದೆ. ಹಾಗಾದರೆ ಗೊತ್ತಿರುವ ಜಾಗದಲ್ಲಿ ನಿಂತು ತಪ್ಪು ಎಷ್ಟು ಎಂದು ನೋಡಿ, ಮುಂದಿನ ಕೆಲವು ನಿಮಿಷ ಅದನ್ನು ಕಳೆಯುತ್ತಾ ಹೋಗಬಹುದಲ್ವಾ?

ಆ ಒಂದು ದಿನದ ಸರಾಸರಿಯನ್ನು ತುಳಸಿಕಟ್ಟೆಯ ಜಾಗ ಎಂದು ಬರೆದಿಟ್ಟೆ. ಪ್ರತಿ ಸಲ ಹೊರಡುವ ಮೊದಲು ಗಾಡಿ ಕಟ್ಟೆಯ ಪಕ್ಕ ಗುರುತು ಮಾಡಿದ ಕಲ್ಲಿನ ಮೇಲೆ ಅರ್ಧ ನಿಮಿಷ ನಿಲ್ಲುತ್ತದೆ, ವ್ಯತ್ಯಾಸ ನೋಡಿಕೊಳ್ಳುತ್ತದೆ, ಆಮೇಲೆ ಹೊರಡುತ್ತದೆ. ನೀವೂ ಪರೀಕ್ಷೆ ಮಾಡಿ ನೋಡಿ. ಟೇಪು ಹಿಡಿದು ಸರಿಯಾಗಿ 20 ಮೀಟರ್ ದೂರಕ್ಕೆ ಎರಡು ಗೂಟ ಹೊಡೆಯಿರಿ, ಒಂದರಿಂದ ಇನ್ನೊಂದಕ್ಕೆ ಬೇಗ ಹೋಗಿ ಓದಿ. ಬಯಲಿನಲ್ಲಿ ನನಗೆ ಹೆಚ್ಚಿನ ಸಲ ಒಂದೂವರೆ ಮೀಟರಿನ ಒಳಗೆ ಬಂತು. ಹದಿನೈದು ನಿಮಿಷ ದಾಟಿದರೆ ಮತ್ತೆ ಕಟ್ಟೆಗೆ ಬಂದು ಹೋಗಬೇಕು. ಸೋಗೆಯಡಿ ಹೋದ ಕೂಡಲೇ ಕಾಣುವ ಉಪಗ್ರಹಗಳೇ ಬದಲಾಗುತ್ತವೆ, ಅಲ್ಲಿ ಈ ಉಪಾಯ ಅರ್ಧ ಕೆಲಸ ಮಾಡುತ್ತದೆ.

ಹಾಗಾಗಿ ಈಗ ಕೆಲಸ ಹಂಚಿದ್ದೇನೆ. ಅಂಗಳದಿಂದ ತೋಟದ ಅಂಚಿನ ಗೂಟದವರೆಗೆ ಜಿಪಿಎಸ್. ಅಲ್ಲಿಂದ ಒಳಗೆ ಚಕ್ರದ ಸುತ್ತು ಎಣಿಸುವ ಅಯಸ್ಕಾಂತ, ಎಡಕ್ಕೂ ಬಲಕ್ಕೂ ಮರದ ಬುಡ ನೋಡುವ ಅಲ್ಟ್ರಾಸಾನಿಕ್ ಸೆನ್ಸರ್. ಯಾವ ಸಾಲು ಎಂದು ಗಾಡಿ ಕೇಳುವುದಿಲ್ಲ, ಬುಡ ಎಣಿಸುತ್ತದೆ. ಕಣಿಯ ಕಡೆ ಮಾತ್ರ ಅಪ್ಪ ಒಂದು ಬಿದಿರು ಅಡ್ಡ ಹಾಕಿದ್ದಾರೆ, ಅದು ಯಾವ ಸೆನ್ಸರಿಗೂ ಕಡಿಮೆಯಿಲ್ಲ.

ಸಾಲನ್ನೂ ಜಿಪಿಎಸ್ಸೇ ಹೇಳಬೇಕು ಎಂದಾದರೆ ಆರ್‌ಟಿಕೆ ಎಂಬ ವಿಧಾನ ಬೇಕು. ಸಂಕೇತದ 19 ಸೆಂಟಿಮೀಟರ್ ಅಲೆಯನ್ನೇ ಅಳೆದು, ಹತ್ತಿರದ ಇನ್ನೊಂದು ರಿಸೀವರಿನ ಜೊತೆ ಹೋಲಿಸಿ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. 2022ರ ನವೆಂಬರಿನಲ್ಲಿ ಶುರುವಾದ ಕೇರಳದ ಡಿಜಿಟಲ್ ಸರ್ವೆಗೆ ಕೋಲಿನ ಮೇಲೆ ಬಿಲ್ಲೆ ಇಟ್ಟುಕೊಂಡು ಬರುವವರ ಕೈಯಲ್ಲಿರುವುದು ಅದೇ. ನಮ್ಮಂಥವರಿಗೂ ಜೆಡ್‌ಇಡಿ-ಎಫ್9ಪಿ ಎಂಬ ಮಾಡ್ಯೂಲ್ ಸಿಗುತ್ತದೆ, ಬೆಲೆ ನನ್ನ ಇಡೀ ಗಾಡಿಗಿಂತ ಜಾಸ್ತಿ. ಅದಕ್ಕೂ ತೆರೆದ ಆಕಾಶ ಬೇಕು ಎಂಬುದನ್ನು ಮರೆಯಬೇಡಿ.

ಈ ಸಂಗತಿ ಹೇಳುತ್ತಿದ್ದಾಗ ಆಚೆಮನೆ ಭಾವ ಕಿವಿ ನೆಟ್ಟಗೆ ಮಾಡಿದರು. "ಹಾಗಾದ್ರೆ ತಡಮೆ ಹತ್ತಿರದ ಆ ಗಡಿ ಕಲ್ಲು ಸರಿ ಉಂಟಾ ಅಂತ ನಿನ್ನ ಗಾಡಿಯಲ್ಲೇ ನೋಡ್ಬಹುದಲ್ಲ?"

"ನೋಡ್ಬಹುದು ಭಾವ. ಇದರ ಲೆಕ್ಕದಲ್ಲಿ ಬೆಳಿಗ್ಗೆ ಗಡಿ ನಿಮ್ಮ ಬಚ್ಚಲಲ್ಲಿ, ಸಂಜೆ ನಮ್ಮ ಹಟ್ಟಿಯಲ್ಲಿ."

ಅವರು ಒಂದು ಗಳಿಗೆ ಯೋಚಿಸಿ, "ಬೆಳಿಗ್ಗೆಯೇ ಅಳೆಯೋಣ, ಹಟ್ಟಿ ನಮಗೆ ಬರಲಿ" ಎಂದರು. ಲೆಕ್ಕ ತಿರುಗುಮುರುಗಾಗಿದೆ ಎಂದು ನಾನು ತಿದ್ದಲು ಹೋಗಲಿಲ್ಲ.